ಆ ಕಡೆ ಇರೋದು ಯಾರು?

~}#@!}!}!} }4}"}&

ಮೇಲಿರೋ ಸಾಲನ್ನ ನಾನು ಮೂರು ರಾತ್ರಿ ಕಸ ಅಂತಾನೇ ನೋಡಿದೀನಿ. 1999ರ ಕೊನೆ ಇರ್ಬೇಕು. ಡಯಲ್ ಅಪ್ ಕಾಲ, ಅಂದ್ರೆ ಮೋಡೆಮ್ ಫೋನ್ ಲೈನ್‌ನಲ್ಲಿ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದ್ರೇನೇ ನೆಟ್ ಬರೋದು. ಮಿನಿಕಾಮ್ ಅನ್ನೋ ಟರ್ಮಿನಲ್ ಪ್ರೋಗ್ರಾಮ್ ತೆಗೆದು, ಕೈಯಾರೆ ಅವರ ನಂಬರ್ ಟೈಪ್ ಮಾಡಿ ಡಯಲ್ ಮಾಡ್ಸಿ, ಮೋಡೆಮ್ ಕಿರುಚಾಟ ಎಲ್ಲ ಮುಗಿದು ಸ್ಕ್ರೀನ್ ಮೇಲೆ ಕನೆಕ್ಟ್ ಅಂತ ಬಂದ್ಮೇಲೆ ಸ್ವಲ್ಪ ಹೊತ್ತು ಏನೂ ಇರ್ತಿರ್ಲಿಲ್ಲ, ಆಮೇಲೆ ಇದು ಸುರಿಯೋದು. ಮೂರು ಸೆಕೆಂಡ್ ಬಿಟ್ಟು ಮತ್ತೊಂದ್ಸಲ, ಇನ್ನು ಮೂರು ಸೆಕೆಂಡಿಗೆ ಇನ್ನೊಂದ್ಸಲ, ಕೊನೆಗೆ ಆ ಕಡೆಯವರು ಬೇಜಾರಾಗಿ ಫೋನ್ ಇಟ್ಟುಬಿಡೋರು, ಸ್ಕ್ರೀನ್ ಮೇಲೆ ನೋ ಕ್ಯಾರಿಯರ್, ಅಂದ್ರೆ ಲೈನ್ ಕಟ್. ನಾನು ಲೈನ್ ಸರಿ ಇಲ್ಲ ಅನ್ಕೊಂಡೆ. ಫೋನ್ ವೈರ್ ಬದಲಾಯಿಸ್ದೆ, ಪಿನ್ ಒರೆಸ್ದೆ, ಸ್ಪೀಡ್ ಕಮ್ಮಿ ಮಾಡಿ ನೋಡ್ದೆ, ಮೋಡೆಮ್ ಮೇಲೆ ಒಂದೆರಡು ಏಟೂ ಹಾಕ್ದೆ. ಲೈನ್‌ನಲ್ಲಿ ಗಲೀಜಿದ್ರೆ ಪ್ರತಿ ಸಲ ಬೇರೆ ಬೇರೆ ಗಲೀಜು ಬರ್ಬೇಕಲ್ವಾ, ಇದ್ಯಾಕೆ ಅಚ್ಚು ಹೊಡೆದ ಹಾಗೆ ಒಂದೇ ಥರ ಬರ್ತಿದೆ ಅನ್ನೋದು ಮಾತ್ರ ತಲೆಗೆ ಹೊಳೀಲೇ ಇಲ್ಲ.

ಆಗ ಲಿನಕ್ಸ್‌ನಲ್ಲಿ ಡಯಲ್ ಅಪ್ ಹಾಕ್ಕೊಳ್ಳೋಕೆ ಸುಲಭದ ದಾರಿನೇ ಇರ್ಲಿಲ್ಲ ಅಂತೇನಲ್ಲ. ಕೆಡಿಇ ಅನ್ನೋ ಡೆಸ್ಕ್‌ಟಾಪ್ ಜೊತೆ ಕೆಪಿಪಿಪಿ ಅನ್ನೋ ಡಯಲ್ ಮಾಡೋ ಪ್ರೋಗ್ರಾಮ್ ಬರ್ತಿತ್ತು, ಬಟನ್ ಒತ್ತಿದ್ರೆ ಆಯ್ತು. ಡಬ್ಲ್ಯೂವಿಡಯಲ್ ಅಂತ ಇನ್ನೊಂದಿತ್ತು, ಅದು ತಾನೇ ಮೋಡೆಮ್ ಹುಡುಕಿ, ತಾನೇ ಊಹೆ ಮಾಡಿ ಲಾಗಿನ್ ಆಗೋದು. ಅದರ ಸೆಟ್ಟಿಂಗ್‌ನಲ್ಲಿ 'ಸ್ಟುಪಿಡ್ ಮೋಡ್' ಅಂತಾನೇ ಒಂದಿತ್ತು ನೋಡಿ, ಆನ್ ಮಾಡಿದ್ರೆ ಜಾಸ್ತಿ ತಲೆ ಓಡಿಸದೆ ಕನೆಕ್ಟ್ ಆದ ತಕ್ಷಣ ನೇರ ಪಿಪಿಪಿ, ಅಂದ್ರೆ ಫೋನ್ ಲೈನ್ ಮೇಲೆ ಇಂಟರ್ನೆಟ್ ಪ್ಯಾಕೆಟ್ ಸಾಗಿಸೋ ಭಾಷೆ, ಶುರು ಮಾಡೋದು. ನನಗೆ ಬೇಕಾಗಿದ್ದೂ ಅಷ್ಟೇ ಅಂತ ಆಮೇಲೆ ಗೊತ್ತಾಯ್ತು, ಅಂದ್ರೆ ನನಗಿಂತ ಸ್ಟುಪಿಡ್ ಮೋಡೇ ವಾಸಿ ಇತ್ತು. ಆದ್ರೆ ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂತ ನಾನು ಬೇಸ್ ಸಿಸ್ಟಮ್ ಮಾತ್ರ ಇನ್‌ಸ್ಟಾಲ್ ಮಾಡಿದ್ದೆ, ಇದ್ಯಾವುದೂ ಅದರಲ್ಲಿರ್ಲಿಲ್ಲ. ಆ ಪ್ಯಾಕೇಜ್ ತರೋಕೆ ನೆಟ್ ಬೇಕು, ನೆಟ್ ಬರೋಕೆ ಆ ಪ್ಯಾಕೇಜ್ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಕಥೆ. ಕೈಯಲ್ಲಿ ಇದ್ದದ್ದು ಆ ಪಿಪಿಪಿ ಮಾತಾಡೋ ಪಿಪಿಪಿಡಿ ಪ್ರೋಗ್ರಾಮ್, ಚಾಟ್ ಅನ್ನೋ ಒಂದು ಪುಟ್ಟ ಪ್ರೋಗ್ರಾಮ್, ಮಿನಿಕಾಮ್, ಅಷ್ಟೇ.

ಇದಕ್ಕೂ ಮುಂಚೆ ಇನ್ನೊಂದು ವಾರ ಹಾಳಾಗಿತ್ತು. ಕಂಪ್ಯೂಟರ್ ಒಳಗೇ ಒಂದು ಮೋಡೆಮ್ ಕಾರ್ಡ್ ಇತ್ತು, ಜನ ವಿನ್‌ಮೋಡೆಮ್ ಅಂತ ಕರೀತಿದ್ರಲ್ಲ ಆ ಜಾತಿದು. ಅದು ನಿಜವಾಗ್ಲೂ ಮೋಡೆಮ್ ಅಲ್ಲ, ಫೋನ್ ಲೈನ್‌ಗೆ ಅಂಟಿಸಿದ ಸೌಂಡ್ ಕಾರ್ಡ್ ಥರ. ಸದ್ದನ್ನ ಬಿಟ್ ಮಾಡೋ, ಬಿಟ್‌ನ ಸದ್ದು ಮಾಡೋ ಲೆಕ್ಕ ಎಲ್ಲ ಡ್ರೈವರ್ ಮೂಲಕ ಸಿಪಿಯುನೇ ಮಾಡ್ಬೇಕು, ಆ ಡ್ರೈವರ್ ಬೇರೆ ಆಪರೇಟಿಂಗ್ ಸಿಸ್ಟಮ್‌ಗೆ ಮಾತ್ರ ಇತ್ತು. ಲಿನಕ್ಸ್‌ಗೆ ಅದು ಅಲ್ಲಿದೆ ಅಂತಾನೂ ಗೊತ್ತಾಗ್ತಿರ್ಲಿಲ್ಲ. ಅದರ ಬಗ್ಗೆ ಬರೆದ್ರೆ ಬೈಗುಳ ಜಾಸ್ತಿ ಆಗುತ್ತೆ, ಬಿಡಿ.

ಕೊನೆಗೆ ಒಬ್ಬ ಫ್ರೆಂಡ್ ಹಳೇ ಎಕ್ಸ್‌ಟರ್ನಲ್ ಮೋಡೆಮ್ ಕೊಟ್ಟ. 33,600 ಬಿಪಿಎಸ್‌ದು, ಅಂದ್ರೆ ಸೆಕೆಂಡಿಗೆ ಅಷ್ಟು ಬಿಟ್, ಮುಂದೆ ಸಾಲಾಗಿ ಕೆಂಪು ದೀಪ, ಹಿಂದೆ ಸೀರಿಯಲ್ ಕೇಬಲ್. ಈ ದೀಪಗಳು ನನ್ನ ಪಾಲಿಗೆ ದೇವ್ರು. ಟಿಆರ್ ಹತ್ತಿದ್ರೆ ಕಂಪ್ಯೂಟರ್ ಪೋರ್ಟ್ ಓಪನ್ ಮಾಡಿದೆ ಅಂತ, ಓಎಚ್ ಹತ್ತಿದ್ರೆ ಫೋನ್ ಎತ್ತಿದೆ ಅಂತ, ಸಿಡಿ ಹತ್ತಿದ್ರೆ ಆ ಕಡೆ ಮೋಡೆಮ್ ಸಿಕ್ಕಿದೆ ಅಂತ, ಎಸ್‌ಡಿ ಆರ್‌ಡಿ ಎರಡೂ ಮಿನುಗ್ತಿದ್ರೆ ಮಾತುಕತೆ ನಡೀತಿದೆ ಅಂತ. ಲಾಗ್ ಫೈಲ್ ಓದೋಕೆ ಬರದೆ ಇದ್ದಾಗ ನಾನು ದೀಪ ಓದ್ತಿದ್ದೆ.

ಮಿನಿಕಾಮ್‌ನಲ್ಲಿ ಎಟಿ ಅಂತ ಹೊಡೆದು ಎಂಟರ್ ಒತ್ತಿದ್ರೆ ಮೋಡೆಮ್ ಓಕೆ ಅನ್ನುತ್ತೆ. ಎಟಿ ಅಂದ್ರೆ ಅಟೆನ್ಷನ್, 'ಏಯ್, ಇಲ್ನೋಡು' ಅಂದ ಹಾಗೆ. 1981ರಲ್ಲಿ ಹೇಯ್ಸ್ ಕಂಪನಿ ಸ್ಮಾರ್ಟ್‌ಮೋಡೆಮ್ ಅಂತ ತಂದಾಗ ಬಂದ ಭಾಷೆ ಇದು, ಆಮೇಲೆ ಎಲ್ಲರೂ ಅದನ್ನೇ ಹಿಡ್ಕೊಂಡ್ರು. ಅದಕ್ಕಿದ್ದ ಕಷ್ಟ ಏನಪ್ಪ ಅಂದ್ರೆ, ಮೋಡೆಮ್‌ಗೂ ಕಂಪ್ಯೂಟರ್‌ಗೂ ನಡುವೆ ಡೇಟಾ ಹೋಗೋಕೆ ಇರೋದು ಒಂದೇ ದಾರಿ. ಮೋಡೆಮ್‌ಗೆ ಹೇಳ್ಬೇಕಾದ ಮಾತೂ ಅದರಲ್ಲೇ, ಮೋಡೆಮ್ ಮೂಲಕ ಆ ಕಡೆಯವರಿಗೆ ಹೇಳ್ಬೇಕಾದ ಮಾತೂ ಅದರಲ್ಲೇ. ಕನೆಕ್ಟ್ ಅನ್ನೋ ಪದ ಬರೋವರೆಗೂ ನಾವು ಟೈಪ್ ಮಾಡಿದ್ದನ್ನ ಮೋಡೆಮ್ ಕೇಳಿಸ್ಕೊಳ್ಳುತ್ತೆ. ಆ ಪದ ಬಂದ ಮರುಕ್ಷಣ ಅದು ಕಿವುಡಾಗಿ ಬರೀ ಪೈಪ್ ಆಗ್ಬಿಡುತ್ತೆ, ಆಮೇಲೆ ಎಟಿ ಅಂದ್ರೂ ಅದು ಆ ಕಡೆಗೇ ಹೋಗುತ್ತೆ. ಮತ್ತೆ ಮೋಡೆಮ್‌ನ ಕರೀಬೇಕಂದ್ರೆ ಒಂದು ಸೆಕೆಂಡ್ ಸುಮ್ನಿದ್ದು, ಮೂರು ಪ್ಲಸ್ ಹೊಡೆದು, ಮತ್ತೆ ಒಂದು ಸೆಕೆಂಡ್ ಸುಮ್ನಿರ್ಬೇಕು.

ಆ ಒಂದು ಸೆಕೆಂಡ್ ಮೌನದ ಮೇಲೆ ಹೇಯ್ಸ್‌ನವರ ಪೇಟೆಂಟ್ ಇತ್ತು. ಹಂಗಾಗಿ ಕೆಲವು ಮೋಡೆಮ್‌ಗಳು ಮೌನ ಇಲ್ದೆ, ಬರೀ ಮೂರು ಪ್ಲಸ್ ಮತ್ತೆ ಅದರ ಹಿಂದೆ ಒಂದು ಎಟಿ ಕಮ್ಯಾಂಡ್ ಬಂದ್ರೆ ಸಾಕು ಅಂತ ಇಟ್ಕೊಂಡಿದ್ವು. ಇದು ತಿಳಿದ ತರಲೆಗಳು ಏನು ಮಾಡಿದ್ರು ಅಂದ್ರೆ, ಪಿಂಗ್, ಅಂದ್ರೆ 'ಇದ್ದೀಯಾ' ಅಂತ ಕೇಳೋ ಪ್ಯಾಕೆಟ್ ಒಳಗೆ ಮೂರು ಪ್ಲಸ್, ಅದರ ಬೆನ್ನಿಗೇ ಫೋನ್ ಇಡು ಅನ್ನೋ ಕಮ್ಯಾಂಡ್ ತುಂಬಿ ಯಾರ್ಗೋ ಕಳಿಸೋರು. ಪಿಂಗ್ ಬಂದ್ರೆ ಅದನ್ನೇ ವಾಪಸ್ ಕಳಿಸೋದು ಕಂಪ್ಯೂಟರ್ ಧರ್ಮ. ವಾಪಸ್ ಹೋಗುವಾಗ ಅದು ನಮ್ಮದೇ ಮೋಡೆಮ್ ಮೂಲಕ ಹೋಗ್ಬೇಕು, ಮೋಡೆಮ್ ಇದನ್ನ ನೋಡಿ 'ಓ ಯಜಮಾನ್ರು ಕರೀತಿದ್ದಾರೆ' ಅಂತ ಫೋನ್ ಇಟ್ಟುಬಿಡೋದು! ಮೋಡೆಮ್‌ನ ಎಸ್2 ಅನ್ನೋ ಸೆಟ್ಟಿಂಗ್‌ಗೆ 255 ಹಾಕಿದ್ರೆ ಪ್ಲಸ್ ಕರೆಗೆ ಮೋಡೆಮ್ ಓಗೊಡೋದನ್ನ ನಿಲ್ಲಿಸುತ್ತೆ, ಎಲ್ಲರೂ ಹಂಗೇ ಮಾಡ್ಕೊಂಡ್ರು. ನನಗೆ ಡಯಲ್ ಅಪ್ ಪೂರ್ತಿ ಅರ್ಥ ಆಗಿದ್ದು ಈ ಕಥೆ ಕೇಳಿದ್ಮೇಲೆ. ಇಡೀ ಸೆಟಪ್‌ನಲ್ಲಿ ಕೇಳ್ಕೋಬೇಕಾದ ಪ್ರಶ್ನೆ ಒಂದೇ: ಈಗ, ಈ ಕ್ಷಣ, ವೈರ್‌ನ ಆ ಕಡೆ ಕೇಳಿಸ್ಕೊಳ್ತಾ ಇರೋದು ಯಾರು? ಮೋಡೆಮ್ಮಾ, ಲಾಗಿನ್ ಕೇಳೋ ಪ್ರೋಗ್ರಾಮಾ, ಪಿಪಿಪಿನಾ? ಮೂವರ ಭಾಷೆ ಮೂರು ಥರ, ಒಬ್ಬರ ಮಾತು ಇನ್ನೊಬ್ಬರಿಗೆ ಕಸ.

ನಾನೂ ಮೊದಲ ದಿನಾನೇ ಮೋಸ ಹೋಗಿದ್ದೆ. ಸ್ಕ್ರೀನ್ ಮೇಲೆ ಕನೆಕ್ಟ್ 115200 ಅಂತ ಬಂತು. 33,600ರ ಮೋಡೆಮ್‌ನಲ್ಲಿ 1,15,200! ಫ್ರೆಂಡ್‌ಗೆ ಫೋನ್ ಮಾಡಿ ಜಂಬ ಕೊಚ್ಕೊಳ್ಳೋಣ ಅಂದ್ರೆ ಫೋನ್ ಲೈನ್‌ನಲ್ಲಿ ಮೋಡೆಮ್ಮೇ ಕೂತಿದೆ. ಅದು ಹೇಳ್ತಿದ್ದದ್ದು ಕಂಪ್ಯೂಟರ್‌ಗೂ ಮೋಡೆಮ್‌ಗೂ ನಡುವಿನ ಸ್ಪೀಡ್, ಮೇಜಿನ ಮೇಲಿದ್ದ ಒಂದು ಮೀಟರ್ ಕೇಬಲ್‌ದು. ಫೋನ್ ಲೈನ್ ಸ್ಪೀಡ್ ಹೇಳು ಅಂತ ಬೇರೆ ಕಮ್ಯಾಂಡ್ ಕೊಟ್ಮೇಲೆ 28800 ಅಂತ ನಿಜ ಒಪ್ಕೊಂಡಿತು.

ಆ ಕಿರುಚಾಟದ ಬಗ್ಗೆನೂ ಒಂದು ಮಾತು. ಆ ಕಡೆ ಮೋಡೆಮ್ ಎತ್ತಿದ ಕೂಡ್ಲೆ ಬರೋ ಕೊಳಲಿನ ಥರದ ಉದ್ದ ಸದ್ದು 2,100 ಹರ್ಟ್ಸ್‌ದು. ಸರಿಯಾಗಿ ಕೇಳಿದ್ರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಕಮ್ಮಿ ಹೊತ್ತಿಗೊಂದ್ಸಲ ಅದು ಟಕ್ ಅಂತ ಕುಂಟುತ್ತೆ, ಅಲ್ಲಿ ಅಲೆ ತಲೆಕೆಳಗಾಗ್ತಿರುತ್ತೆ. ಅದು ಮೋಡೆಮ್‌ಗೆ ಹೇಳ್ತಿರೋ ಮಾತಲ್ಲ! ದಾರಿಯಲ್ಲಿರೋ ಟೆಲಿಫೋನ್ ನೆಟ್‌ವರ್ಕ್‌ಗೆ 'ನಿಮ್ಮ ಎಕೋ ತೆಗೆಯೋ ಯಂತ್ರ ಸ್ವಲ್ಪ ಆಫ್ ಮಾಡಿ, ಇಲ್ಲಿ ಮನುಷ್ಯರು ಮಾತಾಡ್ತಿಲ್ಲ' ಅಂತ ಹೇಳ್ತಿರೋದು. ಅದಾದ್ಮೇಲೆ ಎರಡೂ ಕಡೆಯವರು ಲೈನ್ ಎಷ್ಟು ಚೆನ್ನಾಗಿದೆ ಅಂತ ಅಳೆದು, ಒಂದು ವೇಗಕ್ಕೆ ಒಪ್ಕೊಂಡು, ಕೊನೆಗೆ ಮಳೆ ಸುರಿದಂಥ ಭರ್ ಅನ್ನೋ ಸದ್ದು. ಆಮೇಲೆ ಸ್ಪೀಕರ್ ಬಂದ್. ಸದ್ದು ನಿಂತ್ರೆ ಕೆಲಸ ಆಯ್ತು ಅಂತ. ರಾತ್ರಿ ಹನ್ನೆರಡಕ್ಕೆ ಮನೆಯವರು ಎದ್ದುಬರ್ತಾರೆ ಅಂತ ನಾನು ಸ್ವಲ್ಪ ದಿನ ಸ್ಪೀಕರ್ ಪೂರ್ತಿ ಆಫ್ ಮಾಡಿಟ್ಟೆ, ಆದ್ರೆ ಸದ್ದಿಲ್ದೆ ಏನಾಗ್ತಿದೆ ಅಂತಾನೇ ಗೊತ್ತಾಗ್ದೆ ಮತ್ತೆ ಆನ್ ಮಾಡ್ದೆ.

ಸರಿ, ಕೈಯಲ್ಲಿ ಡಯಲ್ ಮಾಡೋದು ಬಂತು, ಇದನ್ನ ಆಟೋಮ್ಯಾಟಿಕ್ ಮಾಡ್ಬೇಕು. ಅದಕ್ಕೆ ಚಾಟ್ ಸ್ಕ್ರಿಪ್ಟ್. ಅದರ ವ್ಯಾಕರಣ ಬಲು ಸರಳ, ಇದು ಬರೋವರೆಗೂ ಕಾಯಿ, ಬಂದ್ರೆ ಇದನ್ನ ಕಳಿಸು, ಹಿಂಗೆ ಜೋಡಿ ಜೋಡಿ. ಏನೂ ಕಾಯ್ದೆ ರಿಸೆಟ್ ಕಮ್ಯಾಂಡ್ ಕಳಿಸು, ಓಕೆ ಬಂದ್ರೆ ನಂಬರ್ ಡಯಲ್ ಮಾಡು, ಕನೆಕ್ಟ್ ಬಂದ್ರೆ ಮುಂದಕ್ಕೆ ಹೋಗು, ನಡುವೆ ಬ್ಯುಸಿ ಅಂತಾನೋ ನೋ ಕ್ಯಾರಿಯರ್ ಅಂತಾನೋ ಬಂದ್ರೆ ಅಲ್ಲಿಗೇ ಬಿಟ್ಟುಬಿಡು. ಇದರಲ್ಲಿ ನನಗೆ ತುಂಬ ಇಷ್ಟ ಆಗಿದ್ದು ಒಂದು ಹಳೇ ಚಾಲಾಕಿತನ. ಲಾಗಿನ್ ಅನ್ನೋ ಪದಕ್ಕೆ ಕಾಯ್ಬೇಕಾದಾಗ ಯಾರೂ ಪೂರ್ತಿ ಪದ ಬರೀತಿರ್ಲಿಲ್ಲ, ಮೊದಲಿನ ಎಲ್ ಅಕ್ಷರ ಕತ್ತರಿಸಿ ಬಾಲ ಮಾತ್ರ ಬರೀತಿದ್ರು. ಕೆಲವು ಸರ್ವರ್‌ನಲ್ಲಿ ಅದು ದೊಡ್ಡ ಎಲ್, ಕೆಲವದರಲ್ಲಿ ಚಿಕ್ಕದು, ಕೆಲವೊಮ್ಮೆ ಮೊದಲ ಅಕ್ಷರ ಲೈನ್‌ನಲ್ಲೇ ಕಳೆದುಹೋಗ್ತಿತ್ತು. ಪಾಸ್‌ವರ್ಡ್ ಅನ್ನೋದಕ್ಕೂ ಹಂಗೇ ತಲೆ ಹಾರಿಸ್ತಿದ್ರು.

ನಾನೂ ಆ ಹಳೇ ಉದಾಹರಣೆ ನೋಡ್ಕೊಂಡು, ತಲೆ ಇಲ್ಲದ ಲಾಗಿನ್, ತಲೆ ಇಲ್ಲದ ಪಾಸ್‌ವರ್ಡ್ ಎರಡನ್ನೂ ಬರೆದಿಟ್ಟೆ. ಮತ್ತೆ ಕಾಯ್ದೆ. ಲಾಗಿನ್ ಅನ್ನೋದು ಬರಲೇ ಇಲ್ಲ. ಬಂದದ್ದು ಬರೀ ಈ ಕಸ.

ನಾಲ್ಕನೇ ದಿನ, ಡಿಸ್ಕ್‌ನಲ್ಲೇ ಇದ್ದ ಪಿಪಿಪಿ ಹೌಟೂ ಅನ್ನೋ ಉದ್ದನೆ ಡಾಕ್ಯುಮೆಂಟ್ ಓದ್ತಿದ್ದಾಗ ಒಂದು ಕಡೆ ಕಣ್ಣು ನಿಂತ್ಕೊಂಡಿತು. ಟರ್ಮಿನಲ್‌ನಲ್ಲಿ ಹಿಂಗೆ ಕಸದ ಥರ ಬಂದ್ರೆ ಆ ಕಡೆ ಪಿಪಿಪಿ ಶುರು ಆಗಿದೆ ಅಂತ ಅರ್ಥ. ಅಷ್ಟೇ. ಅಂದ್ರೆ ಆ ಸರ್ವರ್ ಲಾಗಿನ್ ಗೀಗಿನ್ ಏನೂ ಕೇಳೋದೇ ಇಲ್ಲ, ಫೋನ್ ಎತ್ತಿದ ಕೂಡ್ಲೆ ಪಿಪಿಪಿ ಭಾಷೆಯಲ್ಲಿ ಮಾತಾಡೋಕೆ ಶುರು ಮಾಡುತ್ತೆ. ನಾನು ಮೂರು ದಿನ ಉತ್ತರ ಕೊಡದೆ ಕೂತಿದ್ದೆ.

ಆಮೇಲೆ ಪೆನ್ಸಿಲ್ ಪೇಪರ್ ಹಿಡ್ಕೊಂಡು ಆ ಸಾಲನ್ನ ಬಿಡಿಸ್ದೆ, ಅದೊಂದು ಸುಖ. ಮೊದಲಿನ ~ ಅನ್ನೋದು ಹೆಕ್ಸ್‌ನಲ್ಲಿ, ಅಂದ್ರೆ ಹದಿನಾರರ ಲೆಕ್ಕದಲ್ಲಿ, 7ಇ, ಪ್ಯಾಕೆಟ್ ಇಲ್ಲಿಂದ ಶುರು ಅನ್ನೋ ಗಡಿಕಲ್ಲು. ಅದರ ಪಕ್ಕ ಕಣ್ಣಿಗೆ ಕಾಣದ ಒಂದು ಬೈಟ್ ಇದೆ, ಎಫ್‌ಎಫ್, ಅಂದ್ರೆ 'ಎಲ್ಲರಿಗೂ'. ಆಮೇಲೆ } ಬಂತಲ್ಲ, ಅದು ಮುಸುಕು. ಮುಂದಿನ ಅಕ್ಷರವನ್ನ ಹಂಗೇ ತಗೋಬೇಡ, ಅದರ ಒಂದು ಬಿಟ್ ತಿರುಗಿಸಿ ತಗೋ ಅಂತ. ಹಂಗೆ ತಿರುಗಿಸಿದ್ರೆ # ಹೋಗಿ 03 ಆಗುತ್ತೆ. ಚಿಕ್ಕ ನಂಬರ್‌ಗಳನ್ನ ಸೀದಾ ಕಳಿಸಿದ್ರೆ ದಾರಿಯಲ್ಲಿರೋ ಉಪಕರಣ ಯಾವುದಾದ್ರೂ ಅದನ್ನ ಕಂಟ್ರೋಲ್ ಅಕ್ಷರ ಅನ್ಕೊಂಡು ನುಂಗ್ಬಹುದು, ಅದಕ್ಕೆ ಈ ಮುಸುಕು. ಆಮೇಲೆ @! ಅನ್ನೋದು ನಿಜವಾಗಿ ಸಿ0 21, ನನ್ನ ಟರ್ಮಿನಲ್ 7 ಬಿಟ್ ಮಾತ್ರ ತೋರಿಸ್ತಿದ್ದರಿಂದ ಮೇಲಿನ ಬಿಟ್ ಉದುರಿ ಸಿ0 ಹೋಗಿ @ ಆಗಿತ್ತು. ಸಿ0 21 ಅಂದ್ರೆ ಎಲ್‌ಸಿಪಿ, ಲಿಂಕ್‌ನ ಷರತ್ತು ಮಾತಾಡ್ಕೊಳ್ಳೋ ಪ್ರೋಟೋಕಾಲ್, 1994ರ ಆರ್‌ಎಫ್‌ಸಿ 1661 ಅನ್ನೋ ಇಂಟರ್ನೆಟ್ ನಿಯಮದ ದಾಖಲೆಯಲ್ಲಿ ಎಲ್ಲ ಬರೆದಿಟ್ಟಿದ್ದಾರೆ. ಮೊದಲಿನ }! ಅಂದ್ರೆ 01, ಕಾನ್ಫಿಗರ್ ರಿಕ್ವೆಸ್ಟ್. ಎರಡನೇದೂ 01, ಅದು ಈ ಕೋರಿಕೆಯ ನಂಬರ್. ಅದರ ಮುಂದಿನ ಎರಡು ಜೋಡಿ ಸೇರಿ ನಮ್ಮ ಮಾಮೂಲಿ ಲೆಕ್ಕದಲ್ಲಿ 20, ಕೋರಿಕೆಯ ಉದ್ದ ಬೈಟ್‌ಗಳಲ್ಲಿ. ಒಟ್ಟು ಕನ್ನಡಕ್ಕೆ ತಂದ್ರೆ, 'ನಮಸ್ಕಾರ, ಇದು ನನ್ನ ಮೊದಲನೇ ಕೋರಿಕೆ, ನನ್ನ ಷರತ್ತು ಇಂತಿಂಥವು, ಒಪ್ಪಿಗೆನಾ?' ಅಂತ. ಮೂರು ಸೆಕೆಂಡಿಗೊಂದ್ಸಲ ಕೇಳ್ತಾನೇ ಇತ್ತು ಪಾಪ.

ಚಾಟ್ ಸ್ಕ್ರಿಪ್ಟ್‌ನಿಂದ ಲಾಗಿನ್ ಸಾಲು ಕಿತ್ತೆಸೆದು, ಕನೆಕ್ಟ್ ಬಂದ ತಕ್ಷಣ ಪಿಪಿಪಿಡಿ ಕೈಗೆ ಕೊಟ್ಟೆ. ತಕ್ಷಣ ಇನ್ನೊಂದು ತಕರಾರು. ಪಿಪಿಪಿಡಿ ಕೊಡೋ ಎರರ್‌ಗಳಲ್ಲೇ ಅತಿ ಉದ್ದದ್ದು ಇದು ಅನ್ಸುತ್ತೆ, ಆ ಕಡೆಯ ಸಿಸ್ಟಮ್ ತಾನು ಯಾರು ಅಂತ ರುಜುವಾತು ಮಾಡ್ಬೇಕು, ಅದಕ್ಕೆ ಬೇಕಾದ ಪಾಸ್‌ವರ್ಡ್ ನನ್ನ ಹತ್ರ ಇಲ್ಲ ಅಂತ. ಅಲ್ಲ ಸ್ವಾಮಿ, ಪಾಸ್‌ವರ್ಡ್ ಕೊಡ್ಬೇಕಾದವನು ನಾನು, ಅವರಲ್ಲ! ಪಿಪಿಪಿಡಿಗೆ ಕ್ಲೈಂಟು ಸರ್ವರ್ ಅನ್ನೋ ಭೇದ ಇಲ್ಲ, ಎರಡೂ ಕಡೆ ಅದೇ ಪ್ರೋಗ್ರಾಮ್ ಓಡ್ಬಹುದು, ಪಿಪಿಪಿ ಹೆಸರಲ್ಲೇ ಪಾಯಿಂಟ್ ಟು ಪಾಯಿಂಟ್ ಅಂತಿದೆ, ಇಬ್ಬರೂ ಸಮ. ಹಂಗಾಗಿ ಅದು ಕೆಲವು ಸಲ ಮನೆಗೆ ಹೋದ ಅತಿಥಿನೇ ಮನೆ ಯಜಮಾನನ ಗುರುತು ಚೀಟಿ ಕೇಳಿದ ಹಾಗೆ ಆಡುತ್ತೆ. ಆಪ್ಷನ್ಸ್ ಫೈಲ್‌ನಲ್ಲಿ ನೋಆಥ್ ಅಂತ ಒಂದು ಪದ ಹಾಕಿದ್ರೆ ಸುಮ್ನಾಗುತ್ತೆ. ನನ್ನ ಯೂಸರ್‌ನೇಮ್ ಪಾಸ್‌ವರ್ಡ್ ಪ್ಯಾಪ್ ಸೀಕ್ರೆಟ್ಸ್ ಅನ್ನೋ ಫೈಲ್‌ಗೆ ಹೋಯ್ತು, ಅದನ್ನ ರೂಟ್ ಅನ್ನೋ ಸಿಸ್ಟಮ್ ಯಜಮಾನನ ಅಕೌಂಟ್ ಬಿಟ್ಟು ಬೇರೆ ಯಾರೂ ಓದದ ಹಾಗೆ ಪರ್ಮಿಷನ್ 600.

ಈಗ ಲಾಗ್‌ನಲ್ಲಿ ನಮ್ಮ ಐಪಿ ಅಡ್ರೆಸ್, ಅವರ ಐಪಿ ಅಡ್ರೆಸ್ ಎರಡೂ ಬಂತು. ಕುಣಿದಾಡಿ ಪಿಂಗ್ ಮಾಡಿದ್ರೆ ಉತ್ತರ ಇಲ್ಲ. ಹಿಂದೆ ಯಾವಾಗ್ಲೋ ನೆಟ್‌ವರ್ಕ್ ಕಾರ್ಡ್‌ಗೆ ಅಂತ ಹಾಕಿದ್ದ ಡಿಫಾಲ್ಟ್ ರೂಟ್, ಅಂದ್ರೆ ಪ್ಯಾಕೆಟ್ ಹೊರಗೆ ಹೋಗೋ ದಾರಿ, ಹಂಗೇ ಕೂತಿತ್ತು, ಪಿಪಿಪಿಡಿ ಬಹಳ ಮರ್ಯಾದಸ್ಥ, ಇದ್ದ ರೂಟ್ ನಾನು ತೆಗೆಯಲ್ಲ ಅಂತ ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ನಿದ್ದುಬಿಟ್ಟಿತ್ತು. ಅದನ್ನ ತೆಗೆದೆ. ನಂಬರ್‌ಗೆ ಪಿಂಗ್ ಹೋಯ್ತು, ಹೆಸರಿಗೆ ಹೋಗ್ಲಿಲ್ಲ. ಅದು ಡಿಎನ್‌ಎಸ್, ಹೆಸರು ಕೊಟ್ರೆ ನಂಬರ್ ಹೇಳೋ ವ್ಯವಸ್ಥೆ. ಯೂಸ್‌ಪಿಯರ್‌ಡಿಎನ್‌ಎಸ್ ಅಂತ ಹಾಕಿದ್ರೆ ಆ ಕಡೆಯವರೇ ನೇಮ್ ಸರ್ವರ್ ನಂಬರ್ ಕೊಡ್ತಾರೆ, ನನ್ನ ಸಿಸ್ಟಮ್‌ನಲ್ಲಿ ಅದನ್ನ ರಿಸಾಲ್ವ್ ಕಾನ್ಫ್ ಫೈಲ್‌ಗೆ ನಾನೇ ತಂದು ಹಾಕ್ಬೇಕಾಯ್ತು. ಐದು ನಿಮಿಷದ ಕೆಲಸ.

ಫ್ರೀಬಿಎಸ್‌ಡಿ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಬಳಸೋ ಫ್ರೆಂಡ್ ಒಬ್ಬ ಇದನ್ನೆಲ್ಲ ಕೇಳಿ ನಕ್ಕ. ಅವನ ಸಿಸ್ಟಮ್‌ನ ಪಿಪಿಪಿ ಪ್ರೋಗ್ರಾಮ್‌ಗೆ ತನ್ನದೇ ಪ್ರಾಂಪ್ಟ್ ಇತ್ತು, ಅದರಲ್ಲಿ ಮೂರು ಚಿಕ್ಕ ಪಿ ಅಕ್ಷರ. ಎಲ್‌ಸಿಪಿ ಒಪ್ಪಂದ ಆದ್ರೆ ಮೊದಲನೇ ಪಿ ದೊಡ್ಡದಾಗುತ್ತೆ, ಪಾಸ್‌ವರ್ಡ್ ಸರಿ ಹೋದ್ರೆ ಎರಡನೇದು, ಐಪಿ ಬಂದ್ರೆ ಮೂರನೇದು. ಎಲ್ಲಿ ಸಿಕ್ಕಾಕೊಂಡಿದೆ ಅಂತ ಒಂದು ನೋಟಕ್ಕೆ ಗೊತ್ತಾಗುತ್ತೆ. ನಾನು ಇಷ್ಟೊತ್ತು ಹೇಳಿದ್ದನ್ನ ಯಾರೋ ಮೂರಕ್ಷರದಲ್ಲಿ ಮುಗಿಸಿದ್ದಾರೆ. ಹೊಟ್ಟೆಕಿಚ್ಚಾಯ್ತು.

ಮುಂದೆ ಇನ್ನೊಂದು ಕಡೆಗೆ ಡಯಲ್ ಮಾಡೋ ಸಂದರ್ಭ ಬಂದಾಗ ಇದರ ಉಲ್ಟಾ ಆಯ್ತು. ಅಲ್ಲಿ ನಿಜವಾಗ್ಲೂ ಲಾಗಿನ್ ಕೇಳ್ತಿದ್ರು, ನಾನು ಕಲಿತ ಪಾಠದ ಜಂಬದಲ್ಲಿ ನೇರ ಪಿಪಿಪಿ ಶುರು ಮಾಡ್ದೆ. ಲೈನ್ ಲೂಪ್ ಬ್ಯಾಕ್ ಆಗಿದೆ ಅಂತ ಪಿಪಿಪಿಡಿ ದೂರು ಹೇಳ್ತು. ಆ ಕಡೆ ಲಾಗಿನ್ ಪ್ರೋಗ್ರಾಮ್ ನಾವು ಟೈಪ್ ಮಾಡಿದ್ದನ್ನ ನಮಗೇ ಎಕೋ ಮಾಡುತ್ತಲ್ಲ, ನಾನು ಕಳಿಸಿದ ಕೋರಿಕೆನೇ ನನಗೆ ವಾಪಸ್ ಬರ್ತಿತ್ತು. ಅದನ್ನ ಪಿಪಿಪಿಡಿ ಹೆಂಗೆ ಕಂಡುಹಿಡೀತು ಅಂದ್ರೆ, ಪ್ರತಿ ಕೋರಿಕೆಯಲ್ಲೂ ಮ್ಯಾಜಿಕ್ ನಂಬರ್ ಅಂತ ಯದ್ವಾತದ್ವಾ ಒಂದು ಸಂಖ್ಯೆ ಇಟ್ಟಿರುತ್ತೆ. ಆ ಕಡೆಯಿಂದ ಬಂದದ್ರಲ್ಲೂ ಅದೇ ಸಂಖ್ಯೆ ಇದ್ರೆ, ನಾನು ಮಾತಾಡ್ತಿರೋದು ನನ್ನ ಜೊತೆನೇ ಅಂತ ಅದಕ್ಕೆ ಅರ್ಥ ಆಗುತ್ತೆ. ಎಷ್ಟು ಮೀಟಿಂಗ್‌ಗಳಲ್ಲಿ ನನಗೂ ಇಂಥದ್ದೊಂದು ನಂಬರ್ ಬೇಕು ಅನ್ಸಿದೆ.

ಕನೆಕ್ಷನ್ ಬಂದ್ಮೇಲೆ ಏನು ಮಾಡ್ದೆ ಅಂದ್ರೆ, ಡಬ್ಲ್ಯೂವಿಡಯಲ್ ಡೌನ್‌ಲೋಡ್ ಮಾಡ್ದೆ. ನಿಜವಾಗ್ಲೂ. ಈಗ ಅದು ಬೇಡ್ವಾಗಿತ್ತು, ಆದ್ರೂ. ಸೆಕೆಂಡಿಗೆ ಮೂರೂವರೆ ಕಿಲೋಬೈಟ್ ಬರ್ತಿತ್ತು, 10 ಎಂಬಿ ಫೈಲ್ ಅಂದ್ರೆ ಮುಕ್ಕಾಲು ಗಂಟೆಯ ಮೇಲೆ, ಅಷ್ಟರಲ್ಲಿ ಒಳಗಿನ ರೂಮಲ್ಲಿ ಯಾರಾದ್ರೂ ಎಕ್ಸ್‌ಟೆನ್ಷನ್ ಫೋನ್ ಎತ್ತಿದ್ರೆ ಮುಗೀತು, ಅಮ್ಮನ ಕಿವಿಗೆ ಭರ್ ಸದ್ದು, ನನ್ನ ಸ್ಕ್ರೀನ್‌ಗೆ ನೋ ಕ್ಯಾರಿಯರ್. ಡಬ್ಲ್ಯೂಗೆಟ್ ಅನ್ನೋ ಡೌನ್‌ಲೋಡ್ ಪ್ರೋಗ್ರಾಮ್‌ಗೆ ಮೈನಸ್ ಸಿ ಹಾಕಿ ನಿಂತಲ್ಲಿಂದ ಮುಂದುವರಿಸೋದು ಕೈಗೆ ಅಭ್ಯಾಸ ಆಗಿದ್ದು ಆಗಲೇ, ಈಗಲೂ ಫೈಬರ್ ಲೈನ್‌ನಲ್ಲೂ ಬೆರಳು ತಾನಾಗೇ ಅದನ್ನ ಹೊಡೆಯುತ್ತೆ. ಆಮೇಲೆ ಬುದ್ಧಿವಂತಿಕೆ ಜಾಸ್ತಿ ಆಗಿ ಡಿಮಾಂಡ್ ಡಯಲ್ ಹಾಕ್ದೆ, ಯಾವ ಪ್ಯಾಕೆಟ್ ಆದ್ರೂ ಹೊರಗೆ ಹೋಗ್ಬೇಕು ಅಂದ್ರೆ ತಾನೇ ಡಯಲ್ ಆಗೋದು. ರಾತ್ರಿ ಎರಡು ಗಂಟೆಗೆ ಮೇಲ್ ಪ್ರೋಗ್ರಾಮ್‌ಗೆ ಯಾವುದೋ ಹೆಸರಿನ ಅಡ್ರೆಸ್ ತಿಳ್ಕೋಬೇಕು ಅನ್ಸಿ ಡಿಎನ್‌ಎಸ್ ಕೇಳಿ, ಕತ್ತಲಲ್ಲಿ ಮೋಡೆಮ್ ತಾನೇ ಫೋನ್ ಎತ್ತಿ ಕಿರುಚೋಕೆ ಶುರು ಮಾಡ್ತು. ಮಾರನೇ ದಿನವೇ ಅದನ್ನ ತೆಗೆದೆ.

ಎಷ್ಟೋ ವರ್ಷ ಆದ್ಮೇಲೆ ಒಂದು 3ಜಿ ಡಾಂಗಲ್ ಕೈಗೆ ಬಂತು. ಯುಎಸ್‌ಬಿಗೆ ಚುಚ್ಚಿದ್ರೆ ಲಿನಕ್ಸ್‌ನಲ್ಲಿ ಅದು ಸೀರಿಯಲ್ ಪೋರ್ಟ್ ಆಗಿ ಕಾಣಿಸ್ಕೊಳ್ತು, ಲಿನಕ್ಸ್ ಸೀರಿಯಲ್ ಪೋರ್ಟ್‌ಗೆ ಕೊಡೋ ಅದೇ ಟಿಟಿವೈ ಅನ್ನೋ ಹೆಸರು, ಅದರಲ್ಲಿ ಯುಎಸ್‌ಬಿ ಸೇರಿತ್ತು ಅಷ್ಟೇ. ಸುಮ್ನೆ ತಮಾಷೆಗೆ ಮಿನಿಕಾಮ್ ತೆಗೆದು ಎಟಿ ಅಂದೆ. ಓಕೆ ಅಂತು! ಅದಕ್ಕೆ ಫೋನ್ ಲೈನ್ ಇಲ್ಲ, ಡಯಲ್ ಟೋನ್ ಇಲ್ಲ, ಎತ್ತೋಕೆ ರಿಸೀವರ್ ಇಲ್ಲ, ಆದ್ರೂ ಡಯಲ್ ಕಮ್ಯಾಂಡ್ ಕೊಡ್ಬೇಕು, ನಂಬರ್ *99#. ಕೊಟ್ಟೆ. ಒಂದು ಕ್ಷಣದಲ್ಲಿ ಕನೆಕ್ಟ್ ಅಂತು, ಕಿರುಚಾಟ ಏನೂ ಇಲ್ದೆ. ನಾನು ಕೀಬೋರ್ಡ್‌ನಿಂದ ಕೈ ತೆಗೆದು ಕಾಯ್ದೆ. ಈ ಸಲ ಟರ್ಮಿನಲ್ 8 ಬಿಟ್ ತೋರಿಸ್ತಿತ್ತು, ಹಂಗಾಗಿ @ ಬದ್ಲು ತಲೆ ಮೇಲೆ ಗೆರೆ ಇರೋ ದೊಡ್ಡ ಎ ಅಕ್ಷರ ಬಂತು. ಅದರ ಹಿಂದೆ ಮುಂದೆ ಅದೇ }# ಅದೇ }!